ಬೋರ್ಡಿನಲ್ಲಿ ಬರೆಯದ ಡೈವ್

ಸಮುದ್ರದ ಅಡಿಗೆ ಹೋಗಿ ಬರುವ ಕೆಲಸ ಮಾಡಿದವ ಎಂದು ತಿಳಿದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಶಾರ್ಕ್ ಕಂಡಿದ್ದೀರಾ? ಹೆದರಿಕೆ ಆಗುವುದಿಲ್ಲವಾ? ಶಾರ್ಕ್ ಕಂಡಿದ್ದೇನೆ, ಅದು ತನ್ನ ಪಾಡಿಗೆ ತಾನು ಹೋಗಿದೆ. ಹೆದರಿಕೆಯ ವಿಷಯ ಮಾತ್ರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಜಿದ್ದಾದ ಒಂದು ಡೈವಿಂಗ್ ಸೆಂಟರಿನಲ್ಲಿ ಇಪ್ಪತ್ತಾರು ವರ್ಷ ನನಗೆ ಸಂಬಳ ಕೊಟ್ಟದ್ದೇ ಹೆದರುವುದಕ್ಕೆ. ಹೆದರುವವನೇ ವಾಲ್ವು ಎರಡನೇ ಸಲ ನೋಡುತ್ತಾನೆ. ಧೈರ್ಯವಂತ ನೋಡುವುದಿಲ್ಲ.

ನಾನು ಮಲ್ಪೆಯ ದಾಮೋದರ. ಈಗ ನಿವೃತ್ತ, ಜಿದ್ದಾದಲ್ಲೇ ಮಗಳ ಮನೆಯಲ್ಲಿದ್ದೇನೆ. ಕೆಂಪು ಸಮುದ್ರದ ಉದ್ದಕ್ಕೂ ಹೊಸ ರೆಸಾರ್ಟುಗಳು ಏಳುತ್ತಿರುವುದರಿಂದ ಮಲ್ಪೆ, ಗಂಗೊಳ್ಳಿ, ಭಟ್ಕಳ ಕಡೆಯ ಹುಡುಗರು ಡೈವಿಂಗ್ ಕಲಿತು ಬರುತ್ತಿದ್ದಾರೆ. ಶುಕ್ರವಾರ ಮನೆಗೆ ಬಂದು ಫೋನ್ ಹಿಡಿದುಕೊಂಡೇ ಕೇಳುತ್ತಾರೆ, "ಅಂಕಲ್, ಸರ್ಟಿಫಿಕೇಟ್ ಪರೀಕ್ಷೆಗೆ ಎಂತ ಬರ್ತದೆ?" ಪರೀಕ್ಷೆಗೆ ಬರುವುದೆಲ್ಲ ನಿಮ್ಮ ಫೋನಿನಲ್ಲೇ ಉಂಟು. ಪರೀಕ್ಷೆಗೆ ಬಾರದ್ದು ಕೆಲವು ನನ್ನ ಹತ್ತಿರ ಉಂಟು. ಅದನ್ನು ಬರೆದಿಡುತ್ತಿದ್ದೇನೆ. ನನ್ನ ಹೆಂಡತಿ ಸರೋಜ ಇದನ್ನು ಓದಿ, "ಪಾಪ, ಮಕ್ಕಳನ್ನು ಹೆದರಿಸ್ಬೇಡಿ" ಎಂದಳು. ಗ್ಯಾಸ್ ಬಂದ್ ಮಾಡಿದೆಯಾ ಎಂದು ನಾನು ದಿನಕ್ಕೆ ಮೂರು ಸಲ ಕೇಳುವುದು ಅವಳಿಗೆ ಮೊದಲಿನಿಂದಲೂ ತಲೆಬಿಸಿ.

ನಾನು ಸೇರಿದ್ದು ಗಾಳಿ ತುಂಬುವವನಾಗಿ. ಸೆಂಟರಿನ ಹಿಂದೆ ಒಂದು ತಗಡಿನ ಶೆಡ್, ಅದರೊಳಗೆ ಕಂಪ್ರೆಸರ್, ಗೋಡೆಯುದ್ದಕ್ಕೂ ಸಿಲಿಂಡರ್‌ಗಳು. ಊರಿಗೆ ಫೋನ್ ಮಾಡಿ ಕೆಲಸ ಏನೆಂದು ಹೇಳಿದಾಗ ಅಪ್ಪ, "ಸೈಕಲಿಗೆ ಪಂಪು ಹೊಡೆಯಲಿಕ್ಕೆ ಸೌದಿಗೆ ಹೋಗ್ಬೇಕಿತ್ತಾ?" ಎಂದಿದ್ದರು. ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಅದು ಆಕ್ಸಿಜನ್ ಸಿಲಿಂಡರ್ ಅಲ್ಲ. ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. ಹನ್ನೆರಡು ಲೀಟರಿನ ಸಿಲಿಂಡರಿಗೆ ಇನ್ನೂರು ಬಾರ್ ಒತ್ತಡದವರೆಗೆ ತುಂಬಿದರೆ ಎರಡು ಸಾವಿರದ ನಾನೂರು ಲೀಟರ್ ಗಾಳಿಯಾಯಿತು. ದಡದಲ್ಲಿ ಕುಳಿತು ಉಸಿರಾಡಿದರೆ ಅದು ಎರಡು ಗಂಟೆ ಬಂದೀತು. ಮೂವತ್ತು ಮೀಟರ್ ಕೆಳಗೆ ಅರ್ಧ ಗಂಟೆ ಬಂದರೆ ಪುಣ್ಯ. ಅಲ್ಲಿನ ಒತ್ತಡ ಮೇಲಿನದ್ದಕ್ಕಿಂತ ನಾಲ್ಕು ಪಟ್ಟು, ಒಂದು ಉಸಿರಿಗೆ ನಾಲ್ಕು ಉಸಿರಿನ ಗಾಳಿ ಖರ್ಚು. ಹೆದರಿದವನಿಗೆ ಇನ್ನೂ ಬೇಗ ಮುಗಿಯುತ್ತದೆ.

ನನ್ನ ಮೊದಲ ದಡ್ಡತನ ಒಂದು ಆಗಸ್ಟಿನಲ್ಲಿ ಆಯಿತು. ದೋಣಿ ಕಾಯುತ್ತಿದೆ, ಮುದೀರ್, ಎಂದರೆ ನಮ್ಮ ಮ್ಯಾನೇಜರ್, ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಬಾಗಿಲಲ್ಲಿ ನಿಂತಿದ್ದಾನೆ. ನಾನು ಸಿಲಿಂಡರ್‌ಗಳನ್ನು ನೀರಿನ ತೊಟ್ಟಿಯಲ್ಲಿ ಇಡದೆ ಗಡಿಬಿಡಿಯಲ್ಲಿ ತುಂಬಿಬಿಟ್ಟೆ. ಮುಟ್ಟಿದರೆ ಕೈ ಸುಡುತ್ತಿತ್ತು, ಗೇಜಿನ ಮುಳ್ಳು ಮಾತ್ರ ಸರಿಯಾಗಿ ಇನ್ನೂರರ ಮೇಲೆ ನಿಂತಿತ್ತು. ಸಮುದ್ರಕ್ಕೆ ಇಳಿದು ತಣ್ಣಗಾದದ್ದೇ ತಡ, ಎಲ್ಲರ ಮುಳ್ಳೂ ನೂರ ಎಂಬತ್ತಕ್ಕೆ ಇಳಿಯಿತು. ಆ ದಿನ ಯಾರಿಗೂ ಏನೂ ಆಗಲಿಲ್ಲ. ಸಂಜೆ ಕ್ಯಾಪ್ಟನ್ ಹಾನಿ ನನ್ನನ್ನು ಕರೆದರು. "ನೀನು ತುಂಬಿದ್ದು ಗಾಳಿ ಅಲ್ಲ, ಶಾಖ" ಎಂದರು, ಅಷ್ಟೇ.

ಕ್ಯಾಪ್ಟನ್ ಹಾನಿ ನಮ್ಮ ಮುಖ್ಯ ತರಬೇತುದಾರರು. ಹಡಗು ನಡೆಸಿದವರಲ್ಲ. ಅವರು ಈಜಿಪ್ಟಿನವರು, ಅಲ್ಲಿ ಡೈವಿಂಗ್ ಕಲಿಸುವವರನ್ನೂ ಕ್ಯಾಪ್ಟನ್ ಎನ್ನುತ್ತಾರೆ. ಅರಬ್ಬಿಯಲ್ಲಿ ಹಾನಿ ಎಂದರೆ ಸುಖವಾಗಿರುವವ ಎಂದಂತೆ. ಕನ್ನಡದಲ್ಲಿ ಅದಕ್ಕೆ ಏನರ್ಥ ಎಂದು ನಾನು ಹೇಳಿದಾಗ ಅವರು ತುಂಬ ಹೊತ್ತು ನಕ್ಕರು. ಹೆಸರು ಹಾನಿ, ಕೆಲಸ ಹಾನಿ ತಪ್ಪಿಸುವುದು. ಅವರ ಬಾಯಲ್ಲಿ ಸದಾ ಇದ್ದ ಮಾತು "ಶುವಯ್ಯ ಶುವಯ್ಯ", ನಿಧಾನ, ನಿಧಾನ. ತುಂಬಿದ ಪ್ರತಿಯೊಂದು ಸಿಲಿಂಡರಿನ ಗಾಳಿಯನ್ನೂ ಸ್ವಲ್ಪ ಬಿಟ್ಟು ಮೂಸಿ ನೋಡಲು ಕಲಿಸಿದ್ದು ಅವರೇ. ಒಂದು ದಿನ ಯಾರದೋ ಡ್ರೈವರ್ ಎಸಿ ಹಾಕಿಕೊಂಡು ಕಾರನ್ನು ಶೆಡ್ಡಿನ ಹಿಂದೆ ಚಾಲೂ ಇಟ್ಟು ಮಲಗಿದ್ದ. ಅದರ ಹೊಗೆ ಕಂಪ್ರೆಸರ್ ಗಾಳಿ ಎಳೆಯುವ ಪೈಪಿಗೆ ನೇರ ಹೋಗುತ್ತಿತ್ತು. ಮೂಸುವಾಗ ನನಗೆ ಎಣ್ಣೆಯ ವಾಸನೆ ಬಂತು, ಆದರೆ ನಿಜವಾಗಿ ಕೊಲ್ಲುವ ಅನಿಲಕ್ಕೆ ವಾಸನೆಯೇ ಇಲ್ಲ. ಹದಿನಾಲ್ಕು ಸಿಲಿಂಡರ್ ಖಾಲಿ ಮಾಡಿಸಿದರು ಕ್ಯಾಪ್ಟನ್. ಮುದೀರ್ ಕಿರುಚಿದ, ಅತಿಥಿಗಳು ಗೊಣಗಿದರು. ಆ ದಿನದಿಂದ ನನಗೆ ಕಾರಿನ ಇಂಜಿನ್ ಸದ್ದು ಕೇಳಿದರೆ ಎದ್ದು ಹೋಗಿ ನೋಡುವ ಚಾಳಿ ಹಿಡಿಯಿತು, ಈಗಲೂ ಬಿಟ್ಟಿಲ್ಲ.

ಪದ್ಧತಿಗಳೂ ಬದಲಾದವು. ನಾವು ಕಲಿಯುವಾಗ ವಾಲ್ವು ಪೂರ್ತಿ ತೆರೆದು ಅರ್ಧ ಸುತ್ತು ಹಿಂದೆ ತಿರುಗಿಸಬೇಕಿತ್ತು. ಆ ಅರ್ಧ ಸುತ್ತಿನಿಂದಲೇ ನಾನು ಅತಿಥಿಯೊಬ್ಬಳನ್ನು ಕಳೆದುಕೊಳ್ಳುವುದರಲ್ಲಿದ್ದೆ. ದೋಣಿಯಲ್ಲಿ ಯಾರೋ ಸಹಾಯ ಮಾಡಲು ಹೋಗಿ ಅವಳ ವಾಲ್ವನ್ನು ಪೂರ್ತಿ ಮುಚ್ಚಿ, ಅರ್ಧ ಸುತ್ತು ತೆರೆದಿದ್ದರು. ಮೇಲೆ ಉಸಿರು ಸರಾಗ ಬಂತು. ಇಪ್ಪತ್ತು ಮೀಟರಿನಲ್ಲಿ ಅವಳು ಉಸಿರೆಳೆದಾಗಲೆಲ್ಲ ಮುಳ್ಳು ಕೆಳಗೆ ಬಿದ್ದು ಮತ್ತೆ ಏಳುತ್ತಿತ್ತು. ಮುಖವಾಡದ ಗಾಜಿನೊಳಗೆ ಅವಳ ಕಣ್ಣು ಹೇಗಿತ್ತೆಂದು ನನಗೆ ಇನ್ನೂ ನೆನಪುಂಟು. ನಾನು ಹಿಂದಿನಿಂದ ಕೈ ಹಾಕಿ ವಾಲ್ವು ತೆರೆದೆ. ಈಗ ಪೂರ್ತಿ ತೆರೆಯಿರಿ ಎಂದೇ ಕಲಿಸುತ್ತಾರೆ, ಒಳ್ಳೆಯದಾಯಿತು.

ಇವೆಲ್ಲ ನಾನು ನಗುತ್ತಾ ಹೇಳಬಲ್ಲ ಕತೆಗಳು. ಇನ್ನು ಹೇಳಬೇಕಾದದ್ದು ಶೀನನ ವಿಷಯ.

ಶೀನ ಗಂಗೊಳ್ಳಿಯವ. ಪೂರ್ತಿ ಹೆಸರು ಶ್ರೀನಿವಾಸ. ಮೂವತ್ತಾರು ವರ್ಷ, ಊರಿನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ನನ್ನ ಮನೆಮಾತು ತುಳು, ಅವನದ್ದು ಕುಂದಾಪುರದ ಕನ್ನಡ, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡವೇ. ಅವನು ಬಂದದ್ದು ದೋಣಿ ತೊಳೆಯುವ, ಹಗ್ಗ ಕಟ್ಟುವ ಕೆಲಸಕ್ಕೆ. ಆ ವರ್ಷ ಸೆಂಟರಿನಲ್ಲಿ ಹೆಲ್ಪರ್ ಹುದ್ದೆಗಳನ್ನು ತೆಗೆಯುವುದೆಂದಾಯಿತು. ಡೈವಿಂಗ್ ಸರ್ಟಿಫಿಕೇಟ್ ಸಿಕ್ಕಿದರೆ ಅವನ ಇಕಾಮಾದಲ್ಲಿ, ಎಂದರೆ ಇಲ್ಲಿರಲು ಕೊಡುವ ಪರವಾನಗಿಯಲ್ಲಿ, ಕೆಲಸದ ಹೆಸರು ಬದಲಾಗಿ ಉಳಿಯಬಹುದು. ಇಲ್ಲದಿದ್ದರೆ ಎಕ್ಸಿಟ್ ಹೊಡೆದು ಊರಿಗೆ. ಅವನನ್ನು ತಯಾರು ಮಾಡುವ ಕೆಲಸ ಕ್ಯಾಪ್ಟನ್ ನನಗೆ ವಹಿಸಿದರು.

ಅಷ್ಟು ಹೊತ್ತಿಗೆ ನಾನೂ ಕಲಿಸುವವನಾಗಿದ್ದೆ. ಶೀನನನ್ನು ನೋಡಿ ನನಗೆ ಮೊದಲ ದಿನವೇ ಹೆದರಿಕೆ ಹುಟ್ಟಿತು. ಅವನು ಊರಿನಲ್ಲಿ ಸಮುದ್ರದ ಬಂಡೆಗೆ ಅಂಟಿಕೊಂಡಿರುವ ಪಚ್ಚಿಲೆ ಚಿಪ್ಪುಗಳನ್ನು ಮುಳುಗಿ ಕೀಳುತ್ತಿದ್ದವ. ಸಿಲಿಂಡರ್ ಇಲ್ಲ, ಏನಿಲ್ಲ, ಒಂದು ಉಸಿರು ಎಳೆದು ಎರಡು ನಿಮಿಷ ಕೆಳಗಿರುತ್ತಿದ್ದ. ನಮ್ಮ ಕಡೆ ಇಂಥವನನ್ನು ದಮ್ಮು ಇರುವವ ಎನ್ನುತ್ತಾರೆ, ಹೆಣ್ಣು ಕೊಡುವವರೂ ಆ ಮಾತು ಕೇಳಿ ಕೊಡುತ್ತಾರೆ. ಸಿಲಿಂಡರ್ ಕಟ್ಟಿ ಇಳಿಯುವ ಸ್ಕೂಬಾದಲ್ಲಿ ಜೀವ ತೆಗೆಯುವುದು ಅದೇ ದಮ್ಮು. ಇಂಗ್ಲಿಷ್ ಪುಸ್ತಕದ ಮೊದಲ ನಿಯಮವನ್ನು ನಾನು ಅವನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ: ಉಸಿರು ಹಿಡಿಯಬಾರದು.

ಅವನು ಓದಿ ನಕ್ಕ. "ಅಣ್ಣ, ಉಸಿರು ಹಿಡಿಯದವನಿಗೆ ನಮ್ಮಲ್ಲಿ ಪಚ್ಚಿಲೆಯೂ ಸಿಕ್ಕುದಿಲ್ಲ, ಹೆಣ್ಣೂ ಸಿಕ್ಕುದಿಲ್ಲ."

"ಇಲ್ಲಿ ಹಿಡಿದ್ರೆ ನಿನ್ನ ಹೆಣ ಸಿಕ್ತದೆ ಅಷ್ಟೇ. ಬಾ" ಎಂದು ನೀರಿಗೆ ಇಳಿಸಿದೆ.

ಹತ್ತು ಮೀಟರಿಗೆ ಇಳಿದು, ಒಂದು ಪ್ಲಾಸ್ಟಿಕ್ ತೊಟ್ಟೆಯೊಳಗೆ ನನ್ನ ಉಸಿರಾಟದ ಕೊಳವೆಯಿಂದ ಗಾಳಿ ತುಂಬಿಸಿ, ಬಾಯಿ ಕಟ್ಟಿ ಅವನ ಕೈಗೆ ಕೊಟ್ಟೆ. ಮೇಲೆ ಬರುತ್ತಾ ಬರುತ್ತಾ ತೊಟ್ಟೆ ಊದಿತು. ನೀರಿನ ಮೇಲ್ಮೈಗೆ ಇನ್ನೇನು ಎರಡಾಳು ಇದೆ ಎನ್ನುವಾಗ ಹರಿದುಹೋಯಿತು. ಕೆಳಗಿನ ಒತ್ತಡದಲ್ಲಿ ತುಂಬಿದ ಗಾಳಿ ಮೇಲೆ ಬರುವಾಗ ಎರಡರಷ್ಟಾಗುತ್ತದೆ. ಉಸಿರು ಹಿಡಿದರೆ ಶ್ವಾಸಕೋಶಕ್ಕೂ ಅದೇ ಗತಿ. ದೋಣಿಯ ಅಂಚು ಹಿಡಿದು ಶೀನ ಸ್ವಲ್ಪ ಹೊತ್ತು ಆ ಹರಿದ ತೊಟ್ಟೆ ನೋಡಿದ. ಆಮೇಲೆ ಒಳ್ಳೆಯ ಪ್ರಶ್ನೆ ಕೇಳಿದ.

"ಊರಲ್ಲಿ ನಾನು ಇಷ್ಟು ವರ್ಷ ಹಿಡ್ದೆ ಅಲ್ವಾ ಅಣ್ಣ? ಎಂತಕ್ಕೆ ಒಡೀಲಿಲ್ಲ?"

"ಅಲ್ಲಿ ನೀನು ಗಾಳಿ ತುಂಬಿಸಿದ್ದು ಮೇಲೆ. ಕೆಳಗೆ ಹೋದಾಗ ಅದು ಸಣ್ಣ ಆಯ್ತು, ಮೇಲೆ ಬಂದಾಗ ಇದ್ದಷ್ಟೇ ಆಯ್ತು. ಇಲ್ಲಿ ಕೆಳಗೇ ತುಂಬಿಸ್ತೀಯಲ್ಲ ಮಾರಾಯ."

ಅವನಿಗೆ ಅರ್ಥವಾಯಿತು, ಆದರೆ ದೇಹಕ್ಕೆ ಅರ್ಥವಾಗಬೇಕಲ್ಲ. ಮೂವತ್ತು ವರ್ಷದ ಅಭ್ಯಾಸ. ಏನಾದರೂ ಕಂಡು ಬೆಚ್ಚಿದರೆ ಸಾಕು, ಅವನ ಗುಳ್ಳೆಗಳು ನಿಂತುಹೋಗುತ್ತಿದ್ದವು. ಗುಳ್ಳೆ ನಿಂತರೆ ನನ್ನ ಎದೆ ನಿಂತಂತೆ. ಮೇಲೆ ಬರುವಾಗ ಬಾಯಲ್ಲಿ "ಆ" ಎಂದು ಎಳೆಯುತ್ತಾ ಬಾ ಎಂದು ಕಲಿಸಿದೆ. ಸದ್ದು ಬಂದರೆ ಗಾಳಿ ಹೊರಗೆ ಹೋಗುತ್ತಿದೆ ಎಂದರ್ಥ. ಅವನು ರೂಮಿನ ಮೆಟ್ಟಿಲು ಹತ್ತುವಾಗಲೂ "ಆ" ಎನ್ನುತ್ತಾ ಹತ್ತುತ್ತಿದ್ದ, ಎಲ್ಲರೂ ಗೇಲಿ ಮಾಡುತ್ತಿದ್ದರು. ಎರಡು ತಿಂಗಳು ನಾನು ಬೇರೇನನ್ನೂ ಯೋಚಿಸಲಿಲ್ಲ. ಕಣ್ಣು ಮುಚ್ಚಿದರೆ ಅವನ ಗುಳ್ಳೆ.

ಪ್ರಾಯೋಗಿಕ ಪರೀಕ್ಷೆ ಶನಿವಾರ ಎಂದು ನಿಶ್ಚಯವಾಯಿತು. ಅಲ್ಲಿಯವರೆಗೆ ಶೀನ ಹದಿನೆಂಟು ಮೀಟರಿಗಿಂತ ಕೆಳಗೆ ಹೋಗಕೂಡದು, ಹೋದರೆ ಪರೀಕ್ಷೆಯೇ ಇಲ್ಲ ಎಂದು ಕ್ಯಾಪ್ಟನ್ ಎಲ್ಲರ ಎದುರಿಗೆ ಹೇಳಿದರು. ಶೆಡ್ಡಿನ ಗೋಡೆಯ ಮೇಲೆ ಅವರದ್ದೊಂದು ಬಿಳಿ ಬೋರ್ಡು ಇತ್ತು. ಯಾರು ಇಳಿದರು, ಎಷ್ಟು ಆಳ, ಎಷ್ಟು ಹೊತ್ತಿಗೆ ಬಂದರು, ಎಲ್ಲ ಅದರಲ್ಲಿ ಬರೆಯಬೇಕು. ಕಸ ಗುಡಿಸುವವನಿಂದ ಹಿಡಿದು ಅವರವರೆಗೆ ಎಲ್ಲರಿಗೂ ಅದು ಕಟ್ಟುನಿಟ್ಟು.

ಮಂಗಳವಾರ ಮಧ್ಯಾಹ್ನ ಕ್ಯಾಪ್ಟನ್ ದೋಣಿಗಳ ಪರವಾನಗಿ ಕೆಲಸಕ್ಕೆ ಹೊರಗೆ ಹೋಗಿದ್ದರು. ಮುದೀರ್ ಬಂದ. ದೊಡ್ಡ ದೋಣಿಯ ಲಂಗರು ಹಗ್ಗ ಕಡಿದು ಹವಳದ ದಿಬ್ಬದ ಆಚೆ ಬಿದ್ದಿದೆ, ವಾರಾಂತ್ಯಕ್ಕೆ ದೋಣಿ ಬೇಕು, ಈಗಲೇ ತೆಗೆಯಬೇಕು. ಅಲ್ಲಿನ ಆಳ ಮೂವತ್ತನಾಲ್ಕು ಮೀಟರ್. ಒಬ್ಬನೇ ಇಳಿಯುವ ಹಾಗಿಲ್ಲ. ಉಳಿದವರೆಲ್ಲ ಅತಿಥಿಗಳ ಜೊತೆ ನೀರಿನಲ್ಲಿ. ದಡದಲ್ಲಿದ್ದವ ಶೀನ ಮಾತ್ರ.

ಶೀನನ ಇಕಾಮಾ ಬದಲಾವಣೆಯ ಕಾಗದಕ್ಕೆ ಸಹಿ ಹಾಕಬೇಕಾದವನು ಇದೇ ಮುದೀರ್. ಬೇಡ ಎಂದರೆ ಅವನು ಮುನಿಯುತ್ತಾನೆ. ಹೂಂ ಎಂದರೆ ಕ್ಯಾಪ್ಟನ್ ಪರೀಕ್ಷೆ ನಿಲ್ಲಿಸುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಲೆಕ್ಕ ಹಾಕಿದೆ. ದಿನಕ್ಕೆ ಮೂರು ಸಲ ಗ್ಯಾಸ್ ನೋಡುವ ಈ ನಾನೇ. ದೋಣಿಯಲ್ಲಿ ಶೀನನಿಗೆ ಸಿಲಿಂಡರ್ ಕಟ್ಟುತ್ತಾ ಹೇಳಿದೆ, "ನೋಡು, ಕ್ಯಾಪ್ಟನ್ ಹತ್ರ ಇದರ ಬಗ್ಗೆ ಉಸಿರು ಬಿಡಬೇಡ."

ಅವನು ನಕ್ಕುಬಿಟ್ಟ. "ಹಿಡಿಬೇಡ ಅಂದವರೂ ನೀವೇ, ಬಿಡಬೇಡ ಅನ್ನುವವರೂ ನೀವೇ. ನಾನು ಎಂತ ಮಾಡುದು ಅಣ್ಣ?"

ನಾನೂ ನಕ್ಕೆ. ಎಷ್ಟು ಚೆನ್ನಾಗಿ ಹೇಳಿದನಲ್ಲ ಎನ್ನಿಸಿತ್ತು ನನಗೆ.

ಎರಡು ಸಲ ಇಳಿದೆವು. ಮೊದಲ ಸಲ ಹುಡುಕಿದ್ದು, ಎರಡನೇ ಸಲ ಎತ್ತಿದ್ದು. ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್ ನನ್ನ ಕೈಯಲ್ಲಿ ಮಾತ್ರ ಇತ್ತು, ಶೀನನಿಗೆ ಇರಲಿಲ್ಲ. ಲಂಗರಿಗೆ ದೊಡ್ಡ ಚೀಲ ಕಟ್ಟಿ, ಅದಕ್ಕೆ ಗಾಳಿ ತುಂಬಿಸಿದರೆ ಅದೇ ಲಂಗರನ್ನು ಎತ್ತಿಕೊಂಡು ಹೋಗುತ್ತದೆ. ಚೀಲ ಎದ್ದಾಗ ಅದರ ಹಗ್ಗದ ಒಂದು ಸುತ್ತು ಶೀನನ ಮಣಿಕಟ್ಟಿಗೆ ಬಿದ್ದಿತ್ತು. ನಾನು ನೋಡುನೋಡುತ್ತಿದ್ದಂತೆ ಅವನು ನನ್ನ ಪಕ್ಕದಿಂದ ಮೇಲೆ ಹೋದ. ಕೈ ಚಾಚಿದೆ, ಅವನ ರೆಕ್ಕೆಚಪ್ಪಲಿಯ ತುದಿ ಬೆರಳಿಗೆ ತಗುಲಿ ತಪ್ಪಿತು.

ಬೆನ್ನಟ್ಟಿ ಹೋಗುವ ಹಾಗಿಲ್ಲ, ಹೋದರೆ ಇಬ್ಬರೂ ಹೋದಂತೆ. ಮೇಲೆ ನೋಡಿದೆ. ಗುಳ್ಳೆಗಳು ಬರುತ್ತಿದ್ದವು, ಒಂದೇ ಸಮನೆ, ಎಲ್ಲೂ ತುಂಡಾಗದೆ. ಕೊನೆಗೆ ಹಗ್ಗ ಬಿಡಿಸಿಕೊಂಡದ್ದೂ ಕಂಡಿತು, ಆದರೆ ಅಷ್ಟರಲ್ಲಿ ಅವನು ಮೇಲಕ್ಕೆ ಮುಟ್ಟಿದ್ದ. ನಾನು ಕಂಪ್ಯೂಟರ್ ತೋರಿಸಿದ ಕಡೆಗಳಲ್ಲಿ ನಿಂತು ನಿಂತು ಬರಬೇಕಾಯಿತು. ಆ ಕೆಲವು ನಿಮಿಷ ನಾನು ಹರಕೆ ಹೇಳಿಕೊಳ್ಳದ ದೇವರಿಲ್ಲ. ಮೇಲೆ ಬಂದಾಗ ಶೀನ ದೋಣಿಯ ಏಣಿ ಹಿಡಿದು ಹಲ್ಲು ಕಿರಿಯುತ್ತಿದ್ದ.

"'ಆ' ಹೇಳ್ತಾ ಬಂದೆ ಅಣ್ಣ. ಗಂಟಲು ಒಣಗಿ ಹೋಯ್ತು."

ಎದೆ ನೋವುಂಟಾ, ಕೆಮ್ಮು ಉಂಟಾ, ರಕ್ತ ಬಂತಾ ಎಂದೆಲ್ಲ ಕೇಳಿದೆ. ಇಲ್ಲ, ಇಲ್ಲ, ಇಲ್ಲ. ನನಗೆ ಅಳು ಬಂತು, ಮುಖವಾಡ ತೊಳೆಯುವ ನೆಪ ಮಾಡಿದೆ.

ಹುಡುಗರೇ, ಇಲ್ಲಿ ಗಮನ ಕೊಡಿ. ಬೇಗ ಮೇಲೆ ಬರುವುದರಲ್ಲಿ ಎರಡು ಅಪಾಯಗಳುಂಟು. ಶ್ವಾಸಕೋಶ ಹರಿಯುವುದು ಒಂದು, ಅದು ಆಗಲೇ ತಿಳಿಯುತ್ತದೆ. ಇನ್ನೊಂದು ಸಾರಜನಕದ್ದು. ಆಳದಲ್ಲಿ ಅದು ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂತಿರುತ್ತದೆ. ನಿಧಾನ ಬಂದರೆ ಉಸಿರಿನಲ್ಲೇ ಹೊರಗೆ ಹೋಗುತ್ತದೆ. ಬೇಗ ಬಂದರೆ ಗೋಲಿ ಸೋಡಾ ಒಡೆದ ಹಾಗೆ ಒಳಗೇ ಗುಳ್ಳೆಯಾಗುತ್ತದೆ. ಅದು ಗಂಟೆಗಟ್ಟಲೆ ಕಾಯಬಲ್ಲದು. ದೋಣಿಯಲ್ಲೇ ಪೆಟ್ಟಿಗೆ ತೆರೆದು ಅವನಿಗೆ ಆಕ್ಸಿಜನ್ ಕೊಟ್ಟು, ನೇರ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಇದನ್ನೆಲ್ಲ ನಾನು ಹದಿನೈದು ವರ್ಷ ಕಲಿಸಿದವ. ಎರಡು ತಿಂಗಳಿಂದ ಒಂದೇ ಹೆದರಿಕೆ ಸಾಕಿಕೊಂಡಿದ್ದವನಿಗೆ ಅದು ಕಳೆದ ಸಂತೋಷದಲ್ಲಿ ಇನ್ನೊಂದು ನೆನಪಾಗಲೇ ಇಲ್ಲ ಎಂದು ಹೇಳಿದರೆ ಅರ್ಧ ಸತ್ಯ. ನೆನಪಾಗಿತ್ತು. ಆಕ್ಸಿಜನ್ ಪೆಟ್ಟಿಗೆ ತೆರೆದರೆ ಅದನ್ನೂ ಬರೆಯಬೇಕು ಎಂಬುದೂ ಜೊತೆಗೇ ನೆನಪಾಗಿತ್ತು. ಬೋರ್ಡಿನಲ್ಲಿ ಶೀನನ ಸಾಲಿನಲ್ಲಿ ಬೆಳಗಿನ ಎಂಟು ಮೀಟರಿನ ಅಭ್ಯಾಸ ಮಾತ್ರ ಇತ್ತು. ಅದರ ಕೆಳಗೆ ನಾನು ಏನೂ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಅವನು ಭುಜ ತಿಕ್ಕಿಕೊಳ್ಳುತ್ತಾ ಬಂದ. "ಎಂತ ಆಯ್ತಾ?" ಎಂದೆ. "ನಿನ್ನೆ ಎಳೆದದ್ದಲ್ವಾ ಅಣ್ಣ, ಸ್ವಲ್ಪ ಹಿಡಿದಿದೆ. ಏನಿಲ್ಲ" ಎಂದ. ಏನಿಲ್ಲ ಎಂಬ ಮಾತೇ ನನಗೂ ಬೇಕಾಗಿತ್ತು, ಒಪ್ಪಿಕೊಂಡೆ.

ಅಷ್ಟರಲ್ಲಿ ಕ್ಯಾಪ್ಟನ್ ಶೆಡ್ಡಿಗೆ ಬಂದರು. ತಾಯಿಫಿನ ಗಿರಾಕಿಗಳು ಬಾಡಿಗೆಗೆ ಒಯ್ದ ಸಿಲಿಂಡರ್‌ಗಳನ್ನು ತರಲು ಪಿಕಪ್ ಹೊರಟಿತ್ತು, ಡ್ರೈವರ್ ಗುಲ್ ಖಾನನ ಜೊತೆಗೆ ಒಬ್ಬ ಬೇಕಿತ್ತು. ತಾಯಿಫ್ ಇರುವುದು ಘಾಟಿಯ ಮೇಲೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಒಳಗಿನ ಗುಳ್ಳೆ ಇನ್ನೂ ದೊಡ್ಡದಾಗುತ್ತದೆ. ಆಳಕ್ಕೆ ಇಳಿದವರು ಮರುದಿನ ವಿಮಾನ ಹತ್ತಬಾರದು, ಘಾಟಿಯನ್ನೂ ಹತ್ತಬಾರದು. ಅದಕ್ಕೇ ಕ್ಯಾಪ್ಟನ್ ಮೊದಲು ಬೋರ್ಡು ನೋಡಿದರು. ಎಲ್ಲರ ಸಾಲಿನಲ್ಲೂ ಇಪ್ಪತ್ತೈದು, ಮೂವತ್ತು. ಶೀನನದ್ದು ಒಂದೇ ಎಂಟು. ಅವರು ಅವನನ್ನೇ ಆರಿಸಿದರು.

ಆದರೂ ಅಭ್ಯಾಸಬಲದಿಂದ ಕೇಳಿದರು, "ಶೀನಾ, ನಿನ್ನೆ ಬೇರೆ ಡೈವ್ ಇತ್ತಾ?"

ಶೀನ ನನ್ನ ಕಡೆ ನೋಡಿದ. ನಾನು ಕೈಯಲ್ಲಿದ್ದ ಗೇಜಿನ ಮುಳ್ಳು ನೋಡಿದೆ.

"ಲಾ, ಕ್ಯಾಪ್ಟನ್" ಎಂದ ಅವನು, ಇಲ್ಲ ಎಂದು.

ಪಿಕಪ್ ಗೇಟು ದಾಟಿತು. ನಾನು ಕಂಪ್ರೆಸರ್ ಚಾಲೂ ಮಾಡಿ ಬೆರಳು ಮಡಚಿ ಎಣಿಸತೊಡಗಿದೆ. ಮೂರು ಗಂಟೆಗೆ ಮೇಲೆ ಬಂದದ್ದು. ಘಾಟಿ ಸೇರುವಾಗ ಹತ್ತೂವರೆ. ಹತ್ತೊಂಬತ್ತೂವರೆ ಗಂಟೆ. ಹದಿನೆಂಟು ಸಾಕು ಎಂದು ಪುಸ್ತಕದಲ್ಲಿ ಉಂಟಲ್ಲ. ಅದು ನಿಯಮದಂತೆ ಮೇಲೆ ಬಂದವನಿಗೆ, ಹಗ್ಗ ಎಳೆದುಕೊಂಡು ಬಂದವನಿಗಲ್ಲ. ಮತ್ತೆ ಮೊದಲಿನಿಂದ ಎಣಿಸಿದೆ. ಎಷ್ಟು ಸಲ ಎಣಿಸಿದರೂ ಗಂಟೆ ಹೆಚ್ಚಾಗಲಿಲ್ಲ. ಗುಲ್ ಖಾನ್ ಒಬ್ಬನೇ ಆಗಿದ್ದರೆ ಮಕ್ಕಾದೊಳಗಿಂದ ನೇರ ಹೋಗುತ್ತಿದ್ದ. ಮುಸ್ಲಿಮರಲ್ಲದವರನ್ನು ಒಳಗೆ ಬಿಡುವುದಿಲ್ಲ, ಶೀನ ಇರುವುದರಿಂದ ಬೈಪಾಸ್ ಹಿಡಿಯಬೇಕು, ಸ್ವಲ್ಪ ತಡವಾಗುತ್ತದೆ ಎಂದು ಅದರಲ್ಲೂ ಸಮಾಧಾನ ಹುಡುಕಿದೆ. ಹತ್ತು ಗಂಟೆಗೆ ಗುಲ್ ಖಾನನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಹತ್ತೂಕಾಲಿಗೆ ಮಾಡಿದೆ. ಹತ್ತೂವರೆಗೆ ಮಾಡಿದೆ. ಹನ್ನೊಂದಕ್ಕೆ ಗುಲ್ ಖಾನ್ ಎತ್ತಿದ. ಶೀನ ವಾಂತಿ ಮಾಡುತ್ತಿದ್ದಾನೆ, ಘಾಟಿಯ ತಿರುವಿನಿಂದ ಇರಬೇಕು ಎಂದ. ಫೋನ್ ಅವನಿಗೆ ಕೊಡು ಎಂದೆ.

"ಅಣ್ಣ, ಸೊಂಟದಿಂದ ಕೆಳಗೆ ಇರುವೆ ಹರಿದ ಹಾಗೆ ಆಗ್ತಾ ಉಂಟು. ಎಡಗಾಲು ನಂದಲ್ಲ ಅನ್ನಿಸ್ತದೆ." ಆಮೇಲೆ ದನಿ ತಗ್ಗಿಸಿ ಕೇಳಿದ, "ಕ್ಯಾಪ್ಟನ್‌ಗೆ ಎಂತ ಹೇಳುದು?"

ಕಾಲು ಹೋಗುತ್ತಿರುವವನು ಕೇಳುವ ಮಾತೇ ಅದು? ಹಾಗೆ ಕೇಳುವಂತೆ ಮಾಡಿದ್ದು ನಾನು. ನಾನು ಶೆಡ್ಡಿನಿಂದ ಕ್ಯಾಪ್ಟನ್ನರ ಕೋಣೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಹೊಡೆಯಲಿ ಎಂದೂ ಬಯಸಿದ್ದೆ. ಅವರು ಪೆನ್ಸಿಲ್ ತೆಗೆದುಕೊಂಡರು.

"ಎಷ್ಟು ಮೀಟರ್?"

"ಮೂವತ್ತನಾಲ್ಕು."

"ಎಷ್ಟು ಸಲ?"

"ಎರಡು."

"ಮೇಲೆ ಬರಲು ಎಷ್ಟು ಹೊತ್ತು?"

"ಒಂದು ನಿಮಿಷವೂ ಇಲ್ಲ."

ಅವರು ಬರೆದುಕೊಂಡು ಮೊದಲು ಆಂಬುಲೆನ್ಸಿಗೆ, ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿದರು. ಗುಲ್ ಖಾನನಿಗೆ, ಅವನನ್ನು ಮಲಗಿಸಿ, ಅಲ್ಲಿಂದಲೇ ತಿರುಗಿಸಿ ಕೆಳಗೆ ಇ‌ಳಿಸು, ಶುವಯ್ಯ ಎಂದರು. ಆಕ್ಸಿಜನ್ ಪೆಟ್ಟಿಗೆ ನನ್ನ ಮಡಿಲಲ್ಲಿಟ್ಟು ಕಾರು ಹೊರಡಿಸಿದರು. ಘಾಟಿಯ ಬುಡದ ಪೆಟ್ರೋಲ್ ಬಂಕಿನಲ್ಲಿ ಪಿಕಪ್ ನಿಂತಿತ್ತು. ಶೀನ ಹಿಂದೆ ಸಿಲಿಂಡರಿಗೆ ಹಾಸುವ ರಬ್ಬರ್ ಚಾಪೆಯ ಮೇಲೆ ಮಲಗಿದ್ದ. ಅವನಿಗೆ ಆಕ್ಸಿಜನ್ ಮಾಸ್ಕ್ ಹಾಕಿದೆ.

"ಹೇಳಿದ್ರಾ ಅಣ್ಣ?" ಎಂದ.

"ಹೇಳಿದೆ."

"ಹಾಗಾದ್ರೆ ಶನಿವಾರದ ಟೆಸ್ಟು?"

ನಾನು ಮಾಸ್ಕಿನ ಪಟ್ಟಿ ಬಿಗಿ ಮಾಡಿದೆ.

ಹಿಂದೆಯೇ ಬಂದ ಆಂಬುಲೆನ್ಸಿನಲ್ಲಿ ಜಿದ್ದಾದ ಆಸ್ಪತ್ರೆಗೆ ತಂದು, ಒತ್ತಡದ ಚೇಂಬರಿನೊಳಗೆ ಅವನನ್ನು ಮಲಗಿಸಿದರು. ಮತ್ತೆ ಆಳಕ್ಕೆ ಇಳಿಸಿದ ಹಾಗೆ ಒತ್ತಡ ಏರಿಸಿ, ಆಕ್ಸಿಜನ್ ಕೊಟ್ಟು, ಐದು ಗಂಟೆಯ ಹೊತ್ತಿನಲ್ಲಿ ನಿಧಾನ ಮೇಲೆ ತರುವುದು. ಡಾಕ್ಟರು ಮೊದಲು ಕೇಳಿದ ಒಂದೊಂದು ಪ್ರಶ್ನೆಗೂ ಶೀನ ನನ್ನ ಮುಖ ನೋಡಿ, ನಾನು ತಲೆಯಾಡಿಸಿದ ಮೇಲೆಯೇ ಬಾಯಿ ತೆರೆದ. ಹೊರಗಿನ ಬೆಂಚಿನಲ್ಲಿ ಕ್ಯಾಪ್ಟನ್ ನನ್ನ ಪಕ್ಕ ಕೂತರು. "ನೀನು ಕಲಿಸಿದ್ದನ್ನೆಲ್ಲ ಅವನು ಸರಿಯಾಗಿಯೇ ಮಾಡಿದ್ದಾನೆ, ದಾಮು."

ನನ್ನನ್ನು ಒಂದು ವರ್ಷ ಮತ್ತೆ ಗಾಳಿ ತುಂಬಲು ಹಾಕಿದರು. ಸಿಗಬೇಕಾದದ್ದಕ್ಕಿಂತ ಕಡಿಮೆಯೇ ಶಿಕ್ಷೆ ಸಿಕ್ಕಿತು. ಶೀನ ಆರು ಸಲ ಚೇಂಬರಿಗೆ ಹೋಗಿ ಬಂದು ಎದ್ದು ನಡೆದ. ಆದರೆ ಇನ್ನು ಮುಂದೆ ಡೈವಿಂಗ್ ಬೇಡ ಎಂದು ಡಾಕ್ಟರು ಬರೆದರು. ಸರ್ಟಿಫಿಕೇಟ್ ಸಿಗಲಿಲ್ಲ. ಕ್ಯಾಪ್ಟನ್ ತಮ್ಮ ಪರಿಚಯದ ಒಬ್ಬರಿಗೆ ಹೇಳಿ ಜಿಜಾನಿನಲ್ಲಿ ಹಡಗಿನ ಸಾಮಾನಿನ ಒಂದು ಸ್ಟೋರಿನಲ್ಲಿ ಅವನಿಗೆ ಕೆಲಸ ಕೊಡಿಸಿದರು, ಇಕಾಮಾವೂ ಅಲ್ಲಿಗೆ ವರ್ಗವಾಯಿತು. ಎಂಟು ವರ್ಷದಿಂದ ಅಲ್ಲೇ ಇದ್ದಾನೆ.

ಎಂಟು ವರ್ಷವೂ ನಾನು ಶುಕ್ರವಾರ ಅವನಿಗೆ ಫೋನ್ ಮಾಡಿದ್ದೇನೆ. ಕಾಲು ಹೇಗುಂಟು ಎಂದು ಕೇಳುತ್ತೇನೆ. "ಫಸ್ಟ್ ಕ್ಲಾಸ್ ಅಣ್ಣ, ಏನಿಲ್ಲ" ಎನ್ನುತ್ತಾನೆ. ನಾನು ಫೋನಿಟ್ಟು ಸರೋಜನಿಗೆ, ಶೀನ ಆರಾಮ ಇದ್ದಾನಂತೆ ಎನ್ನುತ್ತೇನೆ. ಅವನು ಹೇಳಿದ ಒಂದು ಏನಿಲ್ಲವನ್ನೂ ನಾನು ನಂಬಿಲ್ಲ.

ಕಳೆದ ತಿಂಗಳು ಇದನ್ನು ಬರೆಯಲು ಕುಳಿತಾಗ ಅವನ ಒಪ್ಪಿಗೆ ಕೇಳಬೇಕೆನಿಸಿತು. ಫೋನ್ ಮಾಡಿ, ನಮ್ಮ ಆ ದಿನದ ವಿಷಯ ಬರೆಯುತ್ತಿದ್ದೇನೆ, ಹೊಸ ಹುಡುಗರಿಗೆ ಎಂದೆ. ಬರೀರಿ ಎಂದ. ಆಮೇಲೆ, "ಕಾಲಿನ ವಿಷಯವೂ ಬರೀತೀರಾ?" ಎಂದು ಕೇಳಿದ.

"ಕಾಲಿಗೆ ಏನಾಗಿಲ್ಲ ಅಂತೀಯಲ್ಲ, ಎಂತ ಬರೆಯುದು?"

"ಮೆಟ್ಟಿಲು ಇಳಿಯುವಾಗ ಎಡಗಾಲು ಎಲ್ಲಿ ಇಟ್ಟೆ ಅಂತ ಗೊತ್ತಾಗುದಿಲ್ಲ ಅಣ್ಣ. ನೋಡಿಯೇ ಇಡ್ಬೇಕು. ಬಿಸಿನೀರು ಬಿದ್ರೂ ಗೊತ್ತಾಗುದಿಲ್ಲ. ಊರಿಗೆ ಹೋದಾಗ ಸಣ್ಣವಳು ಓಡುವಾ ಅಪ್ಪ ಅಂತಾಳೆ, ಬೆನ್ನು ನೋವು ಅಂತ ಸುಳ್ಳು ಹೇಳ್ತೇನೆ. ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಎಂಟು ವರ್ಷ ಅವನು ನನ್ನನ್ನು ಬೇಜಾರಾಗದ ಹಾಗೆ ಕಾಯುತ್ತಿದ್ದ. "ಇನ್ನೆಂತ ಉಂಟು ಹೇಳು" ಎಂದೆ. ಅವನು ಹೇಳಿದ. ಮಂಡಿಯ ವಿಷಯ ಹೇಳಿದ, ಮೂತ್ರದ ತೊಂದರೆ ಹೇಳಿದ, ಮುಜುಗರಪಡುತ್ತಾ ಇನ್ನೂ ಕೆಲವು ಹೇಳಿದ. ನಾನು ಒಂದು ಚೀಟಿಯಲ್ಲಿ ಎಲ್ಲ ಬರೆದುಕೊಂಡು ಇಲ್ಲಿನ ಡಾಕ್ಟರ ಹತ್ತಿರ ಹೋದೆ. ಬರಲಿಕ್ಕೆ ಹೇಳಿ, ಇನ್ನೂ ಮಾಡಬಹುದಾದದ್ದು ಉಂಟು ಎಂದರು ಅವರು. ಮರುವಾರವೇ ಶೀನ ಬಂದು ತೋರಿಸಿಕೊಂಡು ಹೋದ.

ಈಗ ಶುಕ್ರವಾರ ಫೋನ್ ಮಾಡುವುದು ಅವನು. ಒಂದು ತಾಸು ಅಲ್ಲಿ ನೋವು, ಇಲ್ಲಿ ನೋವು, ಡಾಕ್ಟರು ಸರಿಯಿಲ್ಲ, ಮಾತ್ರೆ ಕಹಿ ಎಂದು ಹೇಳುತ್ತಾನೆ. ಊಟ ತಣ್ಣಗಾಗುತ್ತದೆ, ಫೋನಿಡಿ ಎಂದು ಸರೋಜ ಸನ್ನೆ ಮಾಡುತ್ತಾಳೆ. ನಾನು ಇಡುವುದಿಲ್ಲ.